ಮೊಳೆ ತುಕ್ಕು ಹಿಡಿಯಲಿ ಅಂತ ಕಾದಿದ್ದೆ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನ ಕಳೆದು ಎರಡು ಮೂರು ದಿನಕ್ಕೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮೂರ ಹೈಸ್ಕೂಲಿನ ಫೋಟೊ ಬಂದಿತ್ತು. ಹಿಂದೆ ದೊಡ್ಡ ಬ್ಯಾನರ್, ಅದರ ಮುಂದೆ ಕಾಲೇಜಿನವರು, ಅವರ ಮುಂದೆ ನೆಲದ ಮೇಲೆ ಮಕ್ಕಳು. ಎಡ ತುದಿಯಲ್ಲಿ ಅರ್ಧ ಮುಖ ಕಾಣುವವಳು ನನ್ನ ಮಗಳು, ಒಂಬತ್ತನೇ ಕ್ಲಾಸು. ಬಲ ತುದಿಯಲ್ಲಿ ಬ್ಯಾನರಿನ ಹಗ್ಗ ಎಳೆದು ಹಿಡಿದ ಒಂದು ಕೈ ಇದೆಯಲ್ಲ, ಅದು ನನ್ನದು. ಕೈ ಮಾತ್ರ ಬಂದಿದೆ.

ಆವತ್ತೇ ಬರೆಯಬೇಕು ಅಂತಿದ್ದೆ. ಈಗ ತಿಂಗಳ ಮೇಲಾಯಿತು. ತಡ ಆದದ್ದಕ್ಕೆ ಕಾರಣ ಇದೆ. ಮೊಳೆ ತುಕ್ಕು ಹಿಡಿಯಬೇಕಿತ್ತು. ಅದನ್ನ ಆಮೇಲೆ ಹೇಳುತ್ತೇನೆ.

ನಾನು ಅಂಕೋಲಾ ತಾಲ್ಲೂಕಿನವನು. ಬೇಲೆಕೇರಿ ಬಂದರಿನ ಹತ್ತಿರ ಬೋಟ್ ಎಂಜಿನ್ ರಿಪೇರಿ ಮಾಡುತ್ತೇನೆ. ಓದಿದ್ದು ಐಟಿಐ, ಡೀಸೆಲ್ ಮೆಕ್ಯಾನಿಕ್. ಶೆಡ್ ಹಾಕಿ 26 ವರ್ಷ ಆಯಿತು. ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಸದಸ್ಯ. ಸದಸ್ಯ ಅಂದರೆ ದೊಡ್ಡ ಹುದ್ದೆ ಏನಲ್ಲ. ಫ್ಯಾನ್ ಕೆಟ್ಟರೆ, ಪಂಪ್ ನೀರೆತ್ತದಿದ್ದರೆ ಹೆಡ್‌ಮಾಸ್ಟರು ಫೋನ್ ಮಾಡುವುದು ನನಗೆ. ಆವತ್ತೂ ಹಾಗೇ. ‘ಎಂಜಿನಿಯರಿಂಗ್ ಕಾಲೇಜಿನವರು ಬರ್ತಿದ್ದಾರೆ, ಪ್ಲಗ್ ಪಾಯಿಂಟ್ ಒಂದು ಸರಿ ಮಾಡಿ ಕೊಡಿ ಮಾರಾಯ್ರೆ’ ಅಂದರು. ಹೋದವನು ಸಂಜೆವರೆಗೆ ಅಲ್ಲೇ ಕೂತುಬಿಟ್ಟೆ.

ಕಾಲೇಜಿನ ಹೆಸರು ಬೇಡ. ಘಟ್ಟದ ಮೇಲಿನಿಂದ ಬಂದವರು ಅಂದರೆ ಸಾಕು. ಅಷ್ಟು ದೂರದಿಂದ ಘಟ್ಟ ಇಳಿದು, ಮಳೆಯಲ್ಲಿ ಒಂದು ಮಿನಿ ಬಸ್ ತುಂಬ ಹುಡುಗ ಹುಡುಗಿಯರು ಬಂದಿದ್ದರು. ಬಂದದ್ದೇ ದೊಡ್ಡದು. ಇದನ್ನ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದನ್ನ ಓದಿ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಮೊದಲ ಒಂದು ತಾಸು ಭಾಷಣ. ಸರ್ ಎಂ. ವಿಶ್ವೇಶ್ವರಯ್ಯ 1861ರಲ್ಲಿ ಹುಟ್ಟಿದ್ದು, ಕನ್ನಂಬಾಡಿ ಕಟ್ಟಿದ್ದು. ಮಕ್ಕಳಿಗೆ ಇದು ಬಾಯಿಪಾಠ, ಪ್ರತಿ ವರ್ಷ ಇದೇ ದಿನ ಅವರೇ ಭಾಷಣ ಮಾಡುತ್ತಾರೆ. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಅವರು ತಾನಾಗೇ ತೆರೆದು ಮುಚ್ಚುವ ಗೇಟು ಕೂರಿಸಿದರು ಅಂತಲೂ ಹೇಳಿದರು. ನನಗೆ ಕಿವಿ ನೆಟ್ಟಗಾಯಿತು. ತಾನಾಗೇ ಅಂದರೆ ಹೇಗೆ? ನೀರಿನ ಒತ್ತಡದಿಂದಲಾ, ತೇಲುವ ತೂಕದಿಂದಲಾ? ಅಷ್ಟರಲ್ಲಿ ಸ್ಲೈಡ್ ಮುಂದಕ್ಕೆ ಹೋಯಿತು. ಮುಂದೆ ಕೂತ ಮಕ್ಕಳಲ್ಲಿ ಮೂರು ನಾಲ್ಕು ಜನ ಗಜನಿ ಗದ್ದೆಯ, ಅಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆಯ, ಮನೆಯವರು. ಉಬ್ಬರಕ್ಕೆ ಉಪ್ಪುನೀರು ಒಳಗೆ ಬರದ ಹಾಗೆ ಕಟ್ಟೆಯ ಬಾಗಿಲಿಗೆ ಹಲಗೆ ಇಳಿಸುವುದು, ಇಳಿತಕ್ಕೆ ಎತ್ತುವುದು ಅವರಿಗೆ ಗೊತ್ತು. ಅರ್ಧ ರಾತ್ರಿ ಅಪ್ಪನ ಜೊತೆ ಬ್ಯಾಟರಿ ಹಿಡಿದುಕೊಂಡು ಹೋದವರು. ‘ಆ ಹಲಗೆ ತಾನಾಗೇ ಏಳೋ ಹಾಗೆ ಮಾಡಬಹುದಾ?’ ಅಂತ ಒಂದು ಮಾತು ಕೇಳಿದ್ದರೆ ಆ ಮಕ್ಕಳು ಊಟ ಬಿಟ್ಟು ಕೂರುತ್ತಿದ್ದರು.

ಆಮೇಲೆ ರೋಬೋಟ್. ನಾಲ್ಕು ಚಕ್ರ, ಮುಂದೆ ಒಂದು ಕೊಕ್ಕೆ, ಮೊಬೈಲಿನಿಂದ ಓಡಿಸುವುದು. ಟೇಬಲ್ ಸುತ್ತ ರಿಬ್ಬನ್ ಕಟ್ಟಿದ್ದರು. ಮುಟ್ಟಬಾರದು. ದುಬಾರಿ ಸಾಮಾನು, ಮುರಿದರೆ ಅವರ ಪ್ರಾಜೆಕ್ಟ್ ಹೋಯಿತು, ಒಪ್ಪುತ್ತೇನೆ. ಆದರೆ ಮುಟ್ಟದೆ ನೋಡೋದಕ್ಕೆ ಮಕ್ಕಳಿಗೆ ಟಿವಿ ಇದೆ, ಅಲ್ವಾ?

ಮೂರನೆಯದು ಸೇತುವೆ ಕಟ್ಟುವ ಸ್ಪರ್ಧೆ. ಇದು ಒಳ್ಳೆಯ ಆಟ. ಗುಂಪಿಗೆ ಒಂದು ಪ್ಯಾಕೆಟ್ ಸ್ಪಗೆಟಿ, ಒಂದು ಅಂಟಿನ ಗನ್. ಸ್ಪಗೆಟಿ ಅಂದರೆ ಉದ್ದನೆಯ ಶಾವಿಗೆ ಥರದ್ದು, ಕಡ್ಡಿಯ ಹಾಗೆ ಇರುತ್ತದೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಶಾಲಾ ಮಕ್ಕಳಿಗೆ ಎಂಜಿನಿಯರಿಂಗ್ ಪರಿಚಯ ಮಾಡಿಸುವಾಗ ಇದನ್ನೇ ಕೊಡುತ್ತಾರಂತೆ. ಮಕ್ಕಳು ಮೊದಲು ಕೇಳಿದ್ದು ‘ಅಕ್ಕಾ, ಇದನ್ನ ತಿಂತಾರಾ?’ ಅಂತ. ಬಿಸಿಯೂಟದ ಅಕ್ಕ ಬಾಗಿಲಲ್ಲೇ ನಿಂತು ‘ಉಳಿದದ್ದು ನನಗೆ ಕೊಡಿ’ ಅಂದಳು. ಸೆಪ್ಟೆಂಬರಿನ ಕರಾವಳಿ ಗಾಳಿ ನಿಮಗೆ ಗೊತ್ತು. ಹಪ್ಪಳ ಹತ್ತು ನಿಮಿಷ ಹೊರಗಿಟ್ಟರೆ ಚರ್ಮದ ಹಾಗಾಗುತ್ತದೆ. ಒಡೆದ ಪ್ಯಾಕೆಟ್ಟಿನ ಕಡ್ಡಿ ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿಟ್ಟಿತು. ಸೇತುವೆ ಭಾರಕ್ಕೆ ಮುರಿಯಲಿಲ್ಲ, ಸುಮ್ನೆ ಬಾಗಿ ಮಲಗಿತು.

ನಗು ಬಂತು, ಆದರೆ ಅಲ್ಲಿ ಒಂದು ಸಂಗತಿ ನಡೆಯಿತು. ಮೂಲೆಯಲ್ಲಿ ಒಬ್ಬ ಹುಡುಗ ಕೂತಿದ್ದ. ಭಾಷಣ ಮಾಡಿದವನಲ್ಲ, ಮೈಕ್ ಹಿಡಿದವನೂ ಅಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಬಿಇಗೆ ಸೇರಿದವನು ಅಂತ ಆಮೇಲೆ ಗೊತ್ತಾಯಿತು. ಅವನು ಮಕ್ಕಳಿಗೆ ‘ಇದು ಬಿಡಿ, ತೆಂಗಿನ ಹಿಡಿ ಇದೆಯಾ ಶಾಲೆಯಲ್ಲಿ?’ ಅಂದ. ಕಸ ಗುಡಿಸುವ ಹಿಡಿಯಿಂದ ಕಡ್ಡಿ ಕಿತ್ತರು. ಅವನು ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ ಮೂಲೆ ಒತ್ತಿದ, ಚೌಕ ವಾಲಿತು. ಮೂರು ಕಡ್ಡಿಯ ತ್ರಿಕೋನ ಮಾಡಿ ಒತ್ತಿದ, ಅಲ್ಲಾಡಲಿಲ್ಲ. ಅಷ್ಟೇ. ಭಾಷಣ ಇಲ್ಲ. ‘ಅದಕ್ಕೇ ರೈಲ್ವೆ ಸೇತುವೆಯಲ್ಲೆಲ್ಲ ತ್ರಿಕೋನ!’ ಅಂತ ಒಬ್ಬ ಹುಡುಗ ತಾನೇ ಕೂಗಿದ. ಆಮೇಲೆ ಒಂದು ಗುಂಪಿನ ಸೇತುವೆಯಲ್ಲಿ ಅಂಟು ಬಿಟ್ಟು ಹೋಯಿತು. ಮೀನುಗಾರರ ಮನೆಯ ಹುಡುಗ ಒಬ್ಬ ಚೀಲದಿಂದ ಬಲೆ ಹೆಣೆಯುವ ನೂಲು ತೆಗೆದು ಗಂಟು ಹಾಕಿದ. ಕಡ್ಡಿ ಮುರಿಯುವ ತನಕ ಆ ಗಂಟು ಬಿಡಲಿಲ್ಲ. ಕಾಲೇಜಿನ ಹುಡುಗ ಆ ಗಂಟನ್ನ ತಿರುಗಿಸಿ ತಿರುಗಿಸಿ ನೋಡಿ ‘ಇದನ್ನ ನನಗೂ ಕಲಿಸು’ ಅಂದ. ನನ್ನ 26 ವರ್ಷದ ಅನುಭವವೂ ಅದೇ. ಎಂಜಿನ್ ಕೈಕೊಡುವುದು ಕಬ್ಬಿಣ ಮುರಿದು ಅಲ್ಲ, ಹೆಚ್ಚಿನ ಸಲ ಬೋಲ್ಟು, ಗ್ಯಾಸ್ಕೆಟ್ಟು, ಕಪ್ಲಿಂಗು. ಸೇರಿಸಿದ ಜಾಗದಲ್ಲೇ.

ಇದೆಲ್ಲ ಇಪ್ಪತ್ತು ನಿಮಿಷ. ಇಡೀ ದಿನದಲ್ಲಿ ಮಕ್ಕಳು ನೆನಪಿಟ್ಟುಕೊಂಡದ್ದು ಅದೇ ಇಪ್ಪತ್ತು ನಿಮಿಷ. ಫೋಟೊದಲ್ಲಿ ಆ ಹುಡುಗ ಇಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದರು. ನನ್ನ ಮಗಳು ಎದ್ದು ನಿಂತಳು. ‘ಸರ್, ಕಾಳಿ ಸೇತುವೆ ಯಾಕೆ ಬಿತ್ತು?’

ನಿಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತು. ಚಾಲಕ ಬದುಕಿ ಬಂದ. ಅದಕ್ಕೆ ಮೂರು ವಾರ ಮೊದಲು, ಜುಲೈ 16ಕ್ಕೆ, ನಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿತ್ತು. ಆ ಎರಡು ತಿಂಗಳು ಇಲ್ಲಿನ ಮಕ್ಕಳು ಮನೆಯಲ್ಲಿ ಬೇರೆ ಮಾತೇ ಕೇಳಿಲ್ಲ. ಗುಡ್ಡ ಯಾಕೆ ಜಾರುತ್ತದೆ, ಸೇತುವೆ ಯಾಕೆ ಬೀಳುತ್ತದೆ. ಇದಕ್ಕಿಂತ ದೊಡ್ಡ ಎಂಜಿನಿಯರಿಂಗ್ ಪಾಠ ನಮ್ಮ ಮಕ್ಕಳಿಗೆ ಯಾವುದಿದೆ?

ಬಂದಿದ್ದ ಅಧ್ಯಾಪಕರು ಒಂದು ಕ್ಷಣ ಸುಮ್ಮನಿದ್ದು ‘ಅದು ಇವತ್ತಿನ ವಿಷಯ ಅಲ್ಲಮ್ಮ’ ಅಂದರು. ಅವರನ್ನ ನಾನು ದೂರುವುದಿಲ್ಲ. ತನಿಖೆಯ ವಿಷಯ, ಬಾಯಿ ತಪ್ಪಿ ಏನಾದರೂ ಅಂದರೆ ಸಂಜೆಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಆದರೆ ಆ ಸೇತುವೆ ಬಿಡಿ, ಸಮುದ್ರದ ಪಕ್ಕ ಕಬ್ಬಿಣಕ್ಕೆ ಏನಾಗುತ್ತದೆ ಅಂತಾದರೂ ಹೇಳಬಹುದಿತ್ತು. ಅವಳು ಕೂತಳು. ಆಮೇಲೆ ಸರ್ಟಿಫಿಕೇಟ್, ಫೋಟೊ, ವಂದನಾರ್ಪಣೆ.

ಮನೆಗೆ ಬಂದ ಮೇಲೆ ಬಿಡಲಿಲ್ಲ. ‘ಅಪ್ಪಾ, ನೀನಾದರೂ ಹೇಳು.’ ನನಗೆ ಸೇತುವೆ ಗೊತ್ತಿಲ್ಲ, ಬೋಟು ಗೊತ್ತು. ಬೋಟಿನ ತಳದಲ್ಲಿ, ಚುಕ್ಕಾಣಿ ಹತ್ತಿರ ಸತುವಿನ ಗಟ್ಟಿ ಒಂದನ್ನ ಬೋಲ್ಟ್ ಹಾಕಿ ಕೂರಿಸುತ್ತೇವೆ. ನಾವೆಲ್ಲ ಜಿಂಕ್ ಅಂತಲೇ ಅನ್ನುವುದು. ಉಪ್ಪುನೀರು ಮೊದಲು ಅದನ್ನ ತಿನ್ನುತ್ತದೆ, ಅದಿರುವ ತನಕ ಕಬ್ಬಿಣ ಬಚಾವ್. ಸವೆದು ಹೋದಾಗ ಹೊಸದು. ಅದನ್ನೇ ಅವಳಿಗೆ ತೋರಿಸೋಣ ಅಂತ ಮೂರು ಹಾರ್ಲಿಕ್ಸ್ ಬಾಟಲಿ ತಂದೆ. ಒಂದರಲ್ಲಿ ಬಾವಿ ನೀರು, ಎರಡರಲ್ಲಿ ಸಮುದ್ರದ ನೀರು. ಮೂರಕ್ಕೂ ಒಂದೊಂದು ಕಬ್ಬಿಣದ ಮೊಳೆ, ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿ ಹಾಕಿದ್ದು. ಮೂರನೇ ಬಾಟಲಿಯ ಮೊಳೆಗೆ ಮಾತ್ರ ಹಳೇ ಜಿಂಕಿನ ಒಂದು ಚೂರನ್ನ ಗಟ್ಟಿಯಾಗಿ ಕಟ್ಟಿದೆವು. ಎರಡೂ ತಾಗಿಕೊಂಡೇ ಇರಬೇಕು, ಬಿಟ್ಟರೆ ಕೆಲಸ ಮಾಡುವುದಿಲ್ಲ. ಅಡುಗೆಮನೆ ಕಿಟಕಿಯ ಮೇಲೆ ಸಾಲಾಗಿ ಇಟ್ಟಳು. ಹೆಂಡತಿ ಬೈದಳು, ಅದು ಬೇರೆ ವಿಷಯ.

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಮಧ್ಯದ ಬಾಟಲಿಯಲ್ಲಿ ಸ್ವಲ್ಪ ಕಂದು ಬಣ್ಣ. ವಾರ ಕಳೆಯುವಷ್ಟರಲ್ಲಿ ಅದರ ತಳದಲ್ಲಿ ಕೆಸರಿನ ಹಾಗೆ ತುಕ್ಕು. ಬಾವಿ ನೀರಿನದ್ದೂ ತುಕ್ಕು ಹಿಡಿದಿತ್ತು, ಆದರೆ ಕಡಿಮೆ. ಮೂರನೆಯದರಲ್ಲಿ ಜಿಂಕಿನ ಮೇಲೆ ಬಿಳಿ ಹುಡಿ, ಮೊಳೆ ಹಾಗೇ ಹೊಳೆಯುತ್ತಿತ್ತು. ನೋಟ್‌ಬುಕ್‌ನಲ್ಲಿ ದಿನ ದಿನದ ಲೆಕ್ಕ ಬರೆದಿದ್ದಾಳೆ. ಒಂದು ತಿಂಗಳು. ಅದಕ್ಕೇ ಈ ಪತ್ರ ಈಗ.

ಅದರ ಜೊತೆ ಇನ್ನೊಂದು ಮಾತು ಹೇಳಿದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು. ಹಳೇ ಬೋಲ್ಟು ತುಕ್ಕು ಹಿಡಿದು ಉಬ್ಬಿ ನಟ್ಟಿನಲ್ಲೇ ಸಿಕ್ಕಿಕೊಳ್ಳುವುದು ಅದರಿಂದ. ಸಮುದ್ರದ ಗಾಳಿಯ ಉಪ್ಪು ಕಾಂಕ್ರೀಟಿನ ಒಳಗಿನ ಸರಳಿಗೆ ತಲುಪಿದರೂ ಹಾಗೇ. ಸರಳು ಉಬ್ಬಿ ಒಳಗಿನಿಂದ ಒತ್ತುತ್ತದೆ, ಕಾಂಕ್ರೀಟ್ ಸೀಳಿ ಚಕ್ಕೆ ಏಳುತ್ತದೆ. ನಮ್ಮ ಮನೆಯ ಟೆರೇಸಿನ ತಳದಲ್ಲೇ ಚಕ್ಕೆ ಎದ್ದ ಜಾಗ ಇದೆ, ಕುರ್ಚಿ ಹತ್ತಿಸಿ ತೋರಿಸಿದೆ. ಕಾಳಿ ಸೇತುವೆ ಇದರಿಂದಲೇ ಬಿತ್ತು ಅಂತ ನಾನು ಹೇಳುತ್ತಿಲ್ಲ. ಅದನ್ನ ಹೇಳಬೇಕಾದವರು ಬೇರೆ ಇದ್ದಾರೆ. ಆದರೆ ಮಗಳು ಈಗ ಯಾವ ಸೇತುವೆ ದಾಟಿದರೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಂಬ ನೋಡುತ್ತಾಳೆ. ಕಂಡಕ್ಟರ್ ಹತ್ತಿರ ಬೈಸಿಕೊಂಡೂ ಆಗಿದೆ.

ಈಗ ನಾನು ಕೇಳಬೇಕಾದ್ದು ಒಂದೇ. ಕಾಲೇಜಿನವರು ಎರಡನೇ ಸಲ ಬರಬೇಕು. ಅದೇ ಶಾಲೆಗೆ, ಅದೇ ಮಕ್ಕಳ ಹತ್ತಿರ, ಒಂದು ತಿಂಗಳು ಬಿಟ್ಟು. ಮೊದಲ ಸಲ ಬಂದಾಗ ಬಾಟಲಿ ಇಟ್ಟು ಹೋಗಲಿ, ಕಡ್ಡಿ ಸೇತುವೆ ಶುರು ಮಾಡಿಸಿ ಹೋಗಲಿ. ಎರಡನೇ ಸಲ ಬಂದು ಏನಾಯಿತು ಅಂತ ಮಕ್ಕಳು ಹೇಳುವುದನ್ನ ಕೇಳಲಿ. ತುಕ್ಕು ಒಂದೇ ದಿನಕ್ಕೆ ಹಿಡಿಯುವುದಿಲ್ಲವಲ್ಲ.

ಇದಕ್ಕೆ ಹೊಸ ಯೋಜನೆ, ಹೊಸ ದುಡ್ಡು ಬೇಡ. ಪಕ್ಕದ ಮನೆಯ ಹುಡುಗ ಬಿಇ ಓದುತ್ತಿದ್ದಾನೆ, ಅವನು ಹೇಳಿದ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಕಾಲೇಜುಗಳಲ್ಲಿ ಡಿಗ್ರಿ ಮುಗಿಸುವುದರೊಳಗೆ ಒಬ್ಬೊಬ್ಬರೂ ಸಮಾಜಕ್ಕೆ ಉಪಯೋಗ ಆಗುವ ಕೆಲಸ ಮಾಡಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಲೇಬೇಕು. ಡಿಪ್ಲೊಮಾದಿಂದ ಬಂದವರಿಗೆ 75. ಅದಕ್ಕೆ ಅವರು ಕೊಡಲೇಬೇಕಾದ ತಾಸುಗಳು ಇದ್ದೇ ಇವೆ. ಹತ್ತು ಶಾಲೆಗೆ ಒಂದೊಂದು ದಿನ ಹೋಗಿ ಹತ್ತು ಫೋಟೊ ತೆಗೆಸುವ ಬದಲು ಎರಡೇ ಶಾಲೆಗೆ ಐದೈದು ಸಲ ಹೋಗಲಿ. ಘಟ್ಟ ಇಳಿದೇ ಬರಬೇಕು ಅಂತಲೂ ಇಲ್ಲ. ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಭಟ್ಕಳದಲ್ಲಿದೆ, ಹಳಿಯಾಳದಲ್ಲಿದೆ. ಕಾರವಾರದಲ್ಲಿ ಪಾಲಿಟೆಕ್ನಿಕ್ ಇದೆ.

ಲ್ಯಾಬ್ ಬೇಕು ಅನ್ನುವವರೂ ಇದ್ದಾರೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗೆ 20 ಲಕ್ಷ ರೂಪಾಯಿ ಬರುತ್ತದೆ, ಆರನೇ ಕ್ಲಾಸಿನಿಂದ ಹನ್ನೆರಡರ ತನಕದ ಮಕ್ಕಳಿಗೆ. 2025ರ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಅಂದಿದ್ದಾರೆ. ಬಂದರೆ ಸಂತೋಷ. ಆದರೆ ನಾನು ನೋಡಿದ ಒಂದು ಲ್ಯಾಬಿನಲ್ಲಿ ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ದಾರ ಮಳೆಗಾಲದ ಗಾಳಿಗೆ ನೀರು ಹೀರಿ ಕೆಟ್ಟಿತ್ತು. ನಳಿಕೆಯಿಂದ ಚಿಟಿಚಿಟಿ ಸದ್ದು, ಮಾಡಿದ ವಸ್ತುವಿನ ತುಂಬ ಜೇಡರ ಬಲೆ. ಅಲ್ಲಿನ ಮಾಸ್ತರರು ಹೆದರಿ ಬೀಗ ಹಾಕಿಬಿಟ್ಟಿದ್ದರು. ಹಪ್ಪಳದ ಹಾಗೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು ಅಂತ ಹೇಳುವವರು ಒಬ್ಬರು ಬೇಕಿತ್ತು, ಅಷ್ಟೇ. ಅಂಥ ಒಂದು ಮಾತು ಹೇಳೋದಕ್ಕೆ ಕಾಲೇಜಿನ ಒಬ್ಬ ಹುಡುಗ ತಿಂಗಳಿಗೊಮ್ಮೆ ಬಂದರೆ ಸಾಕು.

ಇನ್ನೊಂದು. ಅಂದು ‘ಯಾರು ಎಂಜಿನಿಯರ್ ಆಗ್ತೀರಿ?’ ಅಂತ ಕೇಳಿದಾಗ ಹುಡುಗರು ಕೈ ಎತ್ತಿದರು. ಹುಡುಗಿಯರಲ್ಲಿ ಇಬ್ಬರು. ನನ್ನ ಮಗಳು ಎತ್ತಲಿಲ್ಲ. ಡೀಸೆಲ್ ಲೈನಿನ ಏರ್ ತೆಗೆಯೋದು ಅವಳಿಗೆ ಬರುತ್ತದೆ, ರಜೆಯಲ್ಲಿ ಶೆಡ್ಡಿಗೆ ಬಂದು ಕಲಿತದ್ದು. ಯಾಕೆ ಎತ್ತಲಿಲ್ಲ ಅಂತ ಕೇಳಿದೆ. ‘ಅದಕ್ಕೆ ಇಂಗ್ಲಿಷ್ ಬೇಕಲ್ಲ ಅಪ್ಪಾ, ದುಡ್ಡೂ ಬೇಕು’ ಅಂದಳು. ಬಂದವರು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಗೊತ್ತಾದದ್ದು ಅಣ್ಣನ ಮಗನ ಅರ್ಜಿ ತುಂಬಿಸೋದಕ್ಕೆ ಸೈಬರ್‌ನಲ್ಲಿ ಕೂತಾಗ. ಸಿಇಟಿಯಲ್ಲಿ ಒಂದರಿಂದ ಹತ್ತರ ತನಕ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಬೇರೆ. ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇರುವ ಮನೆಯವರಿಗೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟು ಶೇ 5 ಇವೆ. ಪಿಯುಸಿ ಸೈನ್ಸ್ ಬೇಡ ಅಂದರೆ ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಅಲ್ಲಿಂದ ನೇರ ಎರಡನೇ ವರ್ಷದ ಬಿಇ. ಆ ಕಡ್ಡಿ ಸೇತುವೆಯ ಹುಡುಗ ಬಂದ ದಾರಿ ಅದು. ಅವನೇ ನಿಂತು ‘ನಾನು ಹೀಗೆ ಬಂದೆ, ಇಷ್ಟು ಖರ್ಚಾಯಿತು’ ಅಂತ ಹೇಳಿದ್ದರೆ ಒಂದು ತಾಸಿನ ಭಾಷಣಕ್ಕಿಂತ ಜಾಸ್ತಿ ಕೆಲಸ ಆಗುತ್ತಿತ್ತು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಒಂದು ಸಲ ಡುಮ್ಕಿ ಹೊಡೆದವನಂತೆ. ನಮ್ಮ ಮಕ್ಕಳಿಗೆ ಅಂಥವರೇ ಬೇಕು.

ಸ್ಲೈಡಿನಲ್ಲಿ ರಾಕೆಟ್ ಬಿಡುವ ಪರದೇಶದ ಶ್ರೀಮಂತರ ಚಿತ್ರ ಎರಡಿತ್ತು. ಸುಳ್ಯದ ಗಿರೀಶ್ ಭಾರದ್ವಾಜ್ ಅವರದ್ದು ಇರಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರ್ ಅವರು, 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಬರುವ ಮಕ್ಕಳು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಯಾರ ಕಥೆ ಹತ್ತಿರ?

ಕೈಗಾ ಅಣುವಿದ್ಯುತ್ ಸ್ಥಾವರ ಕೂಡ ನಮ್ಮ ಜಿಲ್ಲೆಯದ್ದೇ. ಅಲ್ಲಿನ ಒಂದನೇ ಘಟಕ 2018ರ ಡಿಸೆಂಬರ್ ಕೊನೆಗೆ ನಿಲ್ಲಿಸುವಾಗ 962 ದಿನ ಒಂದೇ ಸಮನೆ ಓಡಿತ್ತು, ಆಗ ಅದು ವಿಶ್ವದಾಖಲೆ. ಅಣುವಿದ್ಯುತ್ ಬೇಕೋ ಬೇಡವೋ ಅನ್ನುವ ಜಗಳ ಇಲ್ಲಿ ಹಳೆಯದು, ಅದು ಇರಲಿ. ನಾನು ಮೆಕ್ಯಾನಿಕ್ ಆಗಿ ಯೋಚನೆ ಮಾಡುತ್ತೇನೆ. 962 ದಿನ! ನನ್ನ ಕೈಯಲ್ಲಿ ರಿಪೇರಿ ಆದ ಎಂಜಿನ್ ಒಂಬತ್ತು ದಿನ ನಿಲ್ಲದೆ ಓಡಿದರೆ ನಾನು ತೆಂಗಿನಕಾಯಿ ಒಡೆಯುತ್ತೇನೆ. ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ ರಿಯಾಕ್ಟರ್ ಅದು, ಅದಕ್ಕೇ ಸಾಧ್ಯ ಆಯಿತು ಅಂತ ಓದಿದೆ. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ನಮ್ಮ ಸುತ್ತಲೇ ಇದ್ದಾರೆ. ಒಬ್ಬರನ್ನ ಶಾಲೆಗೆ ಕರೆದು ‘ಹೇಗೆ ಮಾಡಿದಿರಿ?’ ಅಂತ ಕೇಳಿದವರು ಯಾರೂ ಇಲ್ಲ. ನಾವೂ ಕೇಳಿಲ್ಲ, ತಪ್ಪು ನಮ್ಮದೂ ಇದೆ.

ನಮ್ಮ ಶಾಲೆಯ ವಿಜ್ಞಾನದ ಟೀಚರಿಗೆ ಮೂರು ಬಾಟಲಿಯನ್ನೂ ಒಯ್ದು ತೋರಿಸಿದೆವು. ಮೂರು ಕ್ಲಾಸಿಗೂ ಅವರೊಬ್ಬರೇ, ಉಸಿರಾಡೋದಕ್ಕೂ ಪುರುಸೊತ್ತಿಲ್ಲ. ಆದರೂ ಮರುದಿನ ಹತ್ತನೇ ಕ್ಲಾಸಿನವರ ಕೈಯಲ್ಲಿ ಇನ್ನೂ ನಾಲ್ಕು ಬಾಟಲಿ ಇಡಿಸಿದ್ದಾರೆ. ಒಂದರಲ್ಲಿ ಮೊಳೆಗೆ ಗ್ರೀಸ್, ಒಂದರಲ್ಲಿ ಪೇಂಟ್, ಒಂದರಲ್ಲಿ ಪೇಂಟಿನ ಮೇಲೆ ಬೇಕಂತಲೇ ಗೀರು, ಒಂದನ್ನ ಸಿಮೆಂಟಿನಲ್ಲಿ ಹುಗಿದು ಮೇಲೆ ಸಮುದ್ರದ ನೀರು. ಸಿಮೆಂಟಿನದ್ದಕ್ಕೆ ತಿಂಗಳು ಸಾಲದು, ವರ್ಷ ಬೇಕಾಗಬಹುದು. ಇರಲಿ, ಬಾಟಲಿ ಮೇಲೆ ತಾರೀಕು ಬರೆದಿದ್ದಾರೆ.

ಪತ್ರಿಕೆ ಓದುವ ಕಾಲೇಜಿನವರು ಯಾರಾದರೂ ಇದ್ದರೆ ನನ್ನದೊಂದು ಕರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ. ಬೋಟುಗಳು ದಡ ಸೇರುತ್ತವೆ. ನನ್ನ ಶೆಡ್ಡಿನಲ್ಲಿ ಆಗ ಎರಡಾದರೂ ಆರು ಸಿಲಿಂಡರಿನ ಎಂಜಿನ್ ಪೂರ್ತಿ ಬಿಚ್ಚಿಟ್ಟಿರುತ್ತೇನೆ. ಪಿಸ್ಟನ್, ಕ್ರ್ಯಾಂಕು, ಉಪ್ಪು ತಿಂದ ಪಂಪು, ಎಲ್ಲ ಹೊರಗೆ ಇರುತ್ತವೆ. ಮಕ್ಕಳು ಶಾಲೆಯಿಂದ ನಡೆದುಕೊಂಡೇ ಬರಬಹುದು. ಕಾಲೇಜಿನ ಅಣ್ಣ ಅಕ್ಕಂದಿರು ಬಂದು ಪುಸ್ತಕದ ಮಾತು ಹೇಳಲಿ, ನಾನು ಕೈಯ ಮಾತು ಹೇಳುತ್ತೇನೆ. ಎಲ್ಲರೂ ಮುಟ್ಟಬಹುದು. ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಬ್ಯಾನರ್ ತರಬೇಡಿ, ಗೋಡೆ ತುಂಬ ಎಣ್ಣೆ, ಟೇಪು ಹಿಡಿಯುವುದಿಲ್ಲ. ಆ ಕಡ್ಡಿ ಸೇತುವೆಯ ಹುಡುಗನಿಗೆ ಯಾರಾದರೂ ತಿಳಿಸಿದರೆ ಉಪಕಾರ. ಬಲೆಯ ಗಂಟು ಪೂರ್ತಿ ಕಲಿಯದೆ ಹೋದ, ನಮ್ಮ ಹುಡುಗ ಕಾಯುತ್ತಿದ್ದಾನೆ.

ಇತಿ,
ಒಬ್ಬ ಬೋಟ್ ಎಂಜಿನ್ ಮೆಕ್ಯಾನಿಕ್,
ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ